ಆಂಬುಲೆನ್ಸಿನ ಮೇಲೆ ಮಂತ್ರಿಯ ಮುಖ

ಅಮೆರಿಕಕ್ಕೆ ಹೋಗಿಬಂದವರನ್ನು ನಮ್ಮ ರಾಣೆಬೆನ್ನೂರಿನಲ್ಲಿ ಎಲ್ಲರೂ ಕೇಳುವುದು ‘ಏನೇನು ನೋಡಿದ್ರಿ?’ ಎಂದು. ಶ್ವೇತಭವನ ನೋಡಿದೆ, ಬೇಲಿಯ ಈಚೆಯಿಂದ. ನಮ್ಮ ತಹಶೀಲ್ದಾರ್ ಕಚೇರಿಯನ್ನೂ ಬಹಳ ಜನ ಹಾಗೆಯೇ ನೋಡುವುದು, ಅದರಲ್ಲಿ ವಿಶೇಷವಿಲ್ಲ. ವಿಶೇಷವಿರುವುದು ನಾನು ಅಲ್ಲಿ ಮಾಡಿಬಂದ ಕೆಲಸದಲ್ಲಿ. ಭ್ರಷ್ಟಾಚಾರದ ವಿರುದ್ಧ ಪ್ರಬಂಧ ಓದಲೆಂದು ಹೋದವಳು, ಆಫ್ರಿಕದ ಒಬ್ಬ ಮಂತ್ರಿಗೆ ಫ್ಲೆಕ್ಸ್ ಮಾಡಿಕೊಟ್ಟು ಬಂದೆ.

ರಾಕ್‌ವಿಲ್

ಫ್ಲೆಕ್ಸ್ ಮಾಡುವುದು ನನಗೆ ಹೇಗೆ ಗೊತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಪ್ಪ ಬೋರ್ಡ್ ಬರೆಯುವವರು. ಊರಿನ ಅರ್ಧ ಅಂಗಡಿಗಳ ಹೆಸರು ಅವರ ಕುಂಚದಿಂದ ಬಂದದ್ದು. ನಾನು ಪಿಯುಸಿಯಲ್ಲಿದ್ದಾಗ ಊರಿಗೆ ಫ್ಲೆಕ್ಸ್ ಮುದ್ರಿಸುವ ಚೀನಾ ಮೆಷಿನ್ ಬಂತು, ಅಪ್ಪನ ಕುಂಚಗಳು ಸೀಮೆಎಣ್ಣೆ ಡಬ್ಬಿಯಲ್ಲೇ ಒಣಗಿದವು. ಜಾಗತೀಕರಣ ಎಂಬ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಅಪ್ಪನ ಕೆಲಸ ಕಿತ್ತುಕೊಂಡ ಅದೇ ಮೆಷಿನ್ನಿನ ಅಂಗಡಿಯಲ್ಲಿ ಸಂಜೆ ಹೊತ್ತು ಡಿಸೈನ್ ಮಾಡಿಕೊಂಡು ಬಿ.ಎ. ಮುಗಿಸಿದೆ, ರಜೆಗೆ ಬಂದಾಗಲೂ ಅದನ್ನೇ ಮಾಡಿಕೊಂಡು ಧಾರವಾಡದಲ್ಲಿ ಎಂ.ಎ. ಮುಗಿಸಿದೆ. ಯಾವ ನಾಯಕನ ಫೋಟೊ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕ ಯಾರು ಬಂದರೆ ಜಗಳವಾಗುತ್ತದೆ ಎಂಬುದು ನನಗೆ ರಾಜ್ಯಶಾಸ್ತ್ರದ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೇರೆಯವರು ಕಾರಿನ ಬಗ್ಗೆ ಹೇಳಿಕೊಳ್ಳುವುದಿಲ್ಲವೇ?

ಈಗ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಗ್ರಾಮ ಪಂಚಾಯಿತಿ ಲೆಕ್ಕಗಳನ್ನು ಊರ ಜನರೇ ತಪಾಸಣೆ ಮಾಡುವ ಬಗ್ಗೆ ಬರೆದ ಪ್ರಬಂಧವೊಂದು ವಾಷಿಂಗ್ಟನ್ನಿನ ಯಾರದೋ ಕಣ್ಣಿಗೆ ಬಿದ್ದು, ಕರೆ ಬಂತು. ಇಳಿದುಕೊಂಡದ್ದು ಪಕ್ಕದ ರಾಕ್‌ವಿಲ್‌ನಲ್ಲಿ, ನನ್ನ ಸಹೋದ್ಯೋಗಿಯ ತಂಗಿ ಶೈಲಾ ಮನೆಯಲ್ಲಿ. ಮೈಸೂರಿನ ಹುಡುಗಿ, ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ.

ಮೊದಲ ದಿನ ಊರು ತೋರಿಸುತ್ತ ಗಾಜಿನ ಕಟ್ಟಡಗಳ ಸಾಲೊಂದರ ಮುಂದೆ ಕಾರು ನಿಧಾನ ಮಾಡಿದಳು.

“ಇದೆಲ್ಲ ಲಾಬಿ ಮಾಡೋರ ಆಫೀಸ್ ಅಕ್ಕ. ಕಂಪನಿಗಳು ಇವರನ್ನ ಹೈರ್ ಮಾಡ್ತಾವೆ. ಇವರು ಹೋಗಿ ಕಾನೂನು ಮಾಡೋರ ಹತ್ರ ಮಾತಾಡ್ತಾರೆ.”

“ನಮ್ಮ ಕಡೆ ಇವರಿಗೆ ದಲ್ಲಾಳಿ ಅಂತೇವಿ.”

“ಅಯ್ಯೋ, ಇಲ್ಲಿ ಲೀಗಲ್ ಅಕ್ಕ! ರಿಜಿಸ್ಟರ್ ಮಾಡಿಸ್ಬೇಕು. ಟ್ಯಾಕ್ಸ್ ಕಟ್ತಾರೆ.”

ನನಗೆ ನಮ್ಮ ದಲ್ಲಾಳಿಗಳ ಮೇಲೆ ಮರುಕ ಹುಟ್ಟಿತು. ಪಾಪ, ಅವರಿಗೆ ತಹಶೀಲ್ದಾರ್ ಕಚೇರಿ ಎದುರಿನ ಚಹಾದಂಗಡಿಯ ಬೆಂಚೇ ಆಫೀಸು. ಮಳೆ ಬಂದರೆ ಅದೂ ಇಲ್ಲ.

ವಾಷಿಂಗ್ಟನ್

ಸಮ್ಮೇಳನದ ವಿಷಯ ಆಫ್ರಿಕದ ಒಂದು ದೇಶದಲ್ಲಿ ಭ್ರಷ್ಟಾಚಾರ ಮತ್ತು ಜಾಗತೀಕರಣದ ಪರಿಣಾಮ. ದೇಶದ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಮಾತಾಡುವವರಲ್ಲಿ ಒಬ್ಬರು ಆ ದೇಶದ ಪರವಾಗಿ ಎಷ್ಟೋ ವರದಿ ಬರೆದವರು, ಇನ್ನೊಬ್ಬರು ಆ ದೇಶಕ್ಕೆ ವರ್ಷಕ್ಕೊಮ್ಮೆ ಹೋಗಿ ಸಲಹೆ ಕೊಡುವವರು, ಮತ್ತೊಬ್ಬರು ಸಲಹೆ ಸರಿಯಾಗಿ ತಲುಪಿತೇ ಎಂದು ನೋಡಿಬರುವವರು. ಆ ದೇಶದಿಂದ ಬರಬೇಕಾಗಿದ್ದವರಿಗೆ ಮಾತ್ರ ಅಮೆರಿಕದ ವೀಸಾ ಸಿಕ್ಕಿರಲಿಲ್ಲ. ಕುರ್ಚಿ ಖಾಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಸಂಘಟಕಿ ನನ್ನನ್ನು ಅದರ ಮೇಲೆ ಕೂರಿಸಿದರು. ಮೇಜಿನ ಮೇಲೆ ಆ ದೇಶದ ಹೆಸರಿನ ಫಲಕ, ಹಿಂದೆ ಇಳಕಲ್ ಸೀರೆ ಉಟ್ಟ ನಾನು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಪ್ರಶ್ನೆಯ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎತ್ತರದ ಮನುಷ್ಯ ಎದ್ದು ನಿಂತ. ಹೆಸರು ಇಮ್ಯಾನುಯೆಲ್. ಕ್ಯಾರೊಲೈನಾದ ರಾಲಿ ಎಂಬ ಊರಿನ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ನೋಡಿಕೊಳ್ಳುವ ಕೆಲಸ, ಹುಟ್ಟಿದ್ದು ಆ ದೇಶದಲ್ಲಿ. ಅವನ ಮಾತು ಇಂಗ್ಲಿಷಿನದು, ಕನ್ನಡ ನನ್ನದು.

“ನಮ್ಮೂರಿನವರು ಇಲ್ಲಿ ಒಂದು ಸಂಘ ಮಾಡಿಕೊಂಡಿದ್ದೇವೆ. ಕೋವಿಡ್ ಕಾಲದಲ್ಲಿ ಓವರ್‌ಟೈಮ್ ದುಡಿದು ಒಂದು ಹಳೇ ಆಂಬುಲೆನ್ಸ್ ಕೊಂಡು ಊರಿನ ಆಸ್ಪತ್ರೆಗೆ ಕಳಿಸಿದೆವು. ಅದು ಬಂದರಿನಲ್ಲೇ ನಿಂತಿದೆ. ಒಬ್ಬ ಅಧಿಕಾರಿ ತಪಾಸಣೆ ಆಗಬೇಕು ಅಂತಾನೆ. ತಪಾಸಣೆ ಮಾಡುವವನು ರಜೆಯಲ್ಲಿದ್ದಾನೆ. ಅವನು ಬರುವಷ್ಟರಲ್ಲಿ ಬ್ಯಾಟರಿ ಮಾಯ. ಈಗ ಇಷ್ಟು ಕಾಲ ನಿಲ್ಲಿಸಿಕೊಂಡದ್ದಕ್ಕೆ ಬಾಡಿಗೆ ಕೊಡಿ ಅಂತಾರೆ. ಈ ತಿಂಗಳು ಕಳೆದರೆ ಹರಾಜು. ನಾವು ಏನು ಮಾಡಬೇಕು?”

ವರದಿ ಬರೆದವರು, ಇದಕ್ಕೆ ಸಂಸ್ಥೆಗಳ ದೀರ್ಘಾವಧಿಯ ಬಲವರ್ಧನೆಯೇ ಪರಿಹಾರ ಎಂದರು.

“ಸರ್, ಹರಾಜು ತಿಂಗಳ ಕೊನೆಗೆ.”

ತುಂಬ ಮಹತ್ವದ ಪ್ರಶ್ನೆ ಎಂದು ಸಂಘಟಕಿ ಮೆಚ್ಚಿಕೊಂಡು ಚಹಾಕ್ಕೆ ಬಿಡುವು ಕೊಟ್ಟರು. ಇಮ್ಯಾನುಯೆಲ್ ಸೀದಾ ನನ್ನ ಮೇಜಿಗೆ ಬಂದ. ಫಲಕ ನೋಡಿದ, ಸೀರೆ ನೋಡಿದ.

“ಮೇಡಂ, ನೀವು ನನ್ನ ದೇಶದ ಕುರ್ಚಿಯಲ್ಲಿ ಕೂತಿದ್ದೀರಿ. ಹಾಗಾದರೆ ಉತ್ತರ ನೀವೇ ಕೊಡಬೇಕು.”

“ನಾನು ರಾಣೆಬೆನ್ನೂರಿನವಳು,” ಎಂದೆ.

“ಅದು ನಮ್ಮ ಯಾವ ಪ್ರಾಂತ್ಯದಲ್ಲಿ ಬರುತ್ತೆ?”

ಆತ ತಮಾಷೆಗೆ ಕೇಳಿದ್ದು. ಆದರೆ ಕಣ್ಣಿನಲ್ಲಿ ನಗುವಿರಲಿಲ್ಲ. ನಾನೂ ತಡೆದುಕೊಳ್ಳಲಿಲ್ಲ, ನಮ್ಮೂರಿನ ಮಾತನ್ನೇ ಆಡಿಬಿಟ್ಟೆ.

“ನಿಮ್ಮ ಪ್ರಾಂತ್ಯದ ಮಂತ್ರಿಗೆ ಚುನಾವಣೆ ಹತ್ತಿರ ಬಂದಿದೆಯೇ?”

“ಬಂದಿದೆ.”

“ಹಾಗಿದ್ದರೆ ಲಂಚ ಕೊಡಬೇಡಿ. ಆಂಬುಲೆನ್ಸಿನ ಮೇಲೆ ಅವರ ಮುಖ ಹಾಕಿ. ತಮ್ಮ ಮುಖವನ್ನು ಯಾವ ಮಂತ್ರಿಯೂ ಗೋದಾಮಿನಲ್ಲಿ ಬಿಡುವುದಿಲ್ಲ.”

ಇಮ್ಯಾನುಯೆಲ್ ಚಹಾದ ಲೋಟ ಕೆಳಗಿಟ್ಟ. “ಇದನ್ನು ನೀವು ರಾಲಿಗೆ ಬಂದು ನನ್ನ ಅಮ್ಮನ ಮುಂದೆ ಹೇಳಬೇಕು,” ಎಂದ. 

ರಾಲಿಯ ರೈಲು

ಸಮ್ಮೇಳನ ಮುಗಿಸಿ ಹಳೆಯ ಗೆಳತಿಯೊಬ್ಬಳನ್ನು ನೋಡಲು ರಾಲಿಯ ಮೇಲೆಯೇ ಅಟ್ಲಾಂಟಾಕ್ಕೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಆದರೂ ಶೈಲಾ ಗಾಬರಿಯಾದಳು.

“ಗೊತ್ತಿಲ್ದೇ ಇರೋರ ಜೊತೆ ಟ್ರೈನಲ್ಲಿ ಹೋಗ್ತೀರಾ ಅಕ್ಕ? ಸೇಫ್ ಅಲ್ಲ. ನಾನು ಇಲ್ಲಿ ಇಷ್ಟು ವರ್ಷದಿಂದ ಟ್ರೈನೇ ಹತ್ತಿಲ್ಲ.”

“ಹತ್ತದೇ ಸೇಫ್ ಅಲ್ಲ ಅಂತ ಹೇಗೆ ಗೊತ್ತಾಯಿತು?”

“ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರು.”

ರೈಲಿನಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ, ಯಾರೂ ಬುತ್ತಿ ಬಿಚ್ಚಲಿಲ್ಲ, ಯಾರೂ ‘ಸ್ವಲ್ಪ ಸರೀರಿ’ ಎನ್ನಲಿಲ್ಲ. ಅಪಾಯವೆಂದರೆ ಬೇಸರ ಒಂದೇ. ಅದನ್ನು ಇಮ್ಯಾನುಯೆಲ್ ಕಳೆದ.

ಅವನ ಅಮ್ಮ ಎಸ್ತರ್ ಊರಿನಲ್ಲಿ ಕೋಳಿ ಸಾಕುತ್ತಿದ್ದರಂತೆ. ಮಕ್ಕಳ ಓದು ಕೋಳಿಯಿಂದಲೇ ನಡೆಯುತ್ತಿತ್ತು. ಆಮೇಲೆ ಪೇಟೆಗೆ ಅಮೆರಿಕದಿಂದ ಮಂಜುಗಟ್ಟಿದ ಕೋಳಿಯ ಕಾಲುಗಳು ಬರತೊಡಗಿದವು. “ಇವರು ಎದೆಯ ಮಾಂಸ ತಿಂತಾರೆ. ಕಾಲು ಮಿಕ್ಕುತ್ತೆ. ಮಿಕ್ಕದ್ದು ನಮಗೆ,” ಎಂದ. ಅಮ್ಮ ಕೋಳಿಗೆ ಹಾಕುವ ಕಾಳಿನ ಬೆಲೆಗೇ ಹೊರಗಿನ ಕಾಲು ಸಿಗುವಂತಾಗಿ ಗೂಡು ಮುಚ್ಚಿತು. ಇವನು ಹೇಗೋ ಅಮೆರಿಕ ಸೇರಿದ. ಕ್ಯಾರೊಲೈನಾದಲ್ಲಿ ಸಿಕ್ಕ ಮೊದಲ ಕೆಲಸ ಕೋಳಿ ಕಾರ್ಖಾನೆಯಲ್ಲಿ.

“ಏನು ಕೆಲಸ?”

“ಕಾಲು ಪ್ಯಾಕ್ ಮಾಡೋದು.”

ನಾನು ಅಪ್ಪನ ಕುಂಚ ಮತ್ತು ನನ್ನ ಫ್ಲೆಕ್ಸ್ ಅಂಗಡಿಯ ಕಥೆ ಹೇಳಿದೆ. ಇಬ್ಬರೂ ಗಟ್ಟಿಯಾಗಿ ನಕ್ಕೆವು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವರಿಗೆ ಅದರಲ್ಲಿ ನಗುವಂಥದ್ದು ಏನಿದೆ ಎಂದು ಹೇಳುವುದು ಕಷ್ಟ. ಇಮ್ಯಾನುಯೆಲ್ ಕೂಡ ತನ್ನ ಮನೆತನದ ಮೊದಲ ಪದವೀಧರ, ಕಾರ್ಖಾನೆ ಮುಗಿಸಿ ಬಂದು ಓದಿದವನು. ಅಂಥವರಿಬ್ಬರು ಸೇರಿದರೆ ಹೆಚ್ಚು ಪರಿಚಯ ಬೇಕಾಗುವುದಿಲ್ಲ.

ಬಂದರಿನ ಕಥೆ ಪೂರ್ತಿ ಕೇಳಿದ್ದೂ ಆಗಲೇ. ಕ್ರೇನು ಒಂದು ವಿದೇಶಿ ಕಂಪನಿಯದು, ಗೋದಾಮು ಇನ್ನೊಂದು ವಿದೇಶಿ ಕಂಪನಿಯದು, ಅಧಿಕಾರಿ ಮಾತ್ರ ಸ್ವದೇಶಿ. ಹರಾಜಿನಲ್ಲಿ ವಾಹನ ಕೊಳ್ಳುವವನು ಆ ಅಧಿಕಾರಿಯ ಭಾವಮೈದುನ. ಕೊಂಡ ಮೇಲೆ ಮೀನು ಸಾಗಿಸುತ್ತಾನೆ. ತಣ್ಣಗಿರುತ್ತದಲ್ಲ.

“ನಿಮ್ಮಲ್ಲೂ ಹೀಗೇನಾ ಮೇಡಂ?”

“ನಮ್ಮಲ್ಲಿ ಭಾವಮೈದುನ ಹರಾಜಿನವರೆಗೂ ಕಾಯುವುದಿಲ್ಲ,” ಎಂದೆ. ದೇಶಾಭಿಮಾನ ಎಲ್ಲೆಲ್ಲಿ ಎದ್ದು ಬರುತ್ತದೆ ನೋಡಿ.

ರಾಲಿ

ಎಸ್ತರ್ ಅಮ್ಮ ಈಗ ಮಗನ ಜೊತೆಯೇ ಇದ್ದಾರೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತುಂಬ ಸಣಕಲು ಎಂದು ತೀರ್ಮಾನಿಸಿ, ಮೊದಲು ಊಟಕ್ಕೆ ಕೂರಿಸಿದರು. ಶೇಂಗಾ ಅರೆದು ಹಾಕಿದ ಕೋಳಿ ಸಾರು, ಅನ್ನ. ಖಾರ ಬ್ಯಾಡಗಿಯವರೂ ಒಂದು ಲೋಟ ನೀರು ಕೇಳುವಂತಿತ್ತು. ಆ ಮನೆಯಲ್ಲಿ ಇಡೀ ಕೋಳಿ ತರುತ್ತಾರಂತೆ, ಬರೀ ಕಾಲು ಹೊಸ್ತಿಲು ದಾಟುವ ಹಾಗಿಲ್ಲ.

ಊಟದ ನಂತರ ಸಂಘದವರು ನಾಲ್ಕಾರು ಮಂದಿ ಬಂದು ಸೇರಿದರು. ನಾನು ನನ್ನ ಉಪಾಯ ಹೇಳಿದೆ. ಒಬ್ಬರು ಚಪ್ಪಾಳೆ ತಟ್ಟಿದರು.  ಎಸ್ತರ್ ಅಮ್ಮ ಎದ್ದು ಹೋಗಿ ಒಂದು ಫೋಟೊ ತಂದರು. ಹಡಗು ಹತ್ತುವ ಮುಂಚೆ ತೆಗೆದ ಆಂಬುಲೆನ್ಸಿನ ಫೋಟೊ. ಗಾಡಿಯ ಪಕ್ಕೆಯ ಮೇಲೆ ದೊಡ್ಡದಾಗಿ, ನೀಲಿ ಅಕ್ಷರದಲ್ಲಿ ‘ಮಾರ್ಥಾ’ ಎಂದಿತ್ತು.

ಮಾರ್ಥಾ ಆಕೆಯ ಹಿರಿಯ ಮಗಳು. ಹೆರಿಗೆ ಕಷ್ಟವಾದಾಗ ದೊಡ್ಡ ಆಸ್ಪತ್ರೆಗೆ ಸಾಗಿಸಲು ಬಾಡಿಗೆ ಮೋಟಾರ್‌ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ಹಿಂದೆ ಒಬ್ಬರು ಹಿಡಿದುಕೊಂಡು ಕೂತಿದ್ದರು. ದಾರಿಯಲ್ಲೇ ತೀರಿಕೊಂಡಳು. ಕಿರಿಯ ಮಗಳು ಗ್ರೇಸ್ ಅದೇ ಊರಿನ ಆಸ್ಪತ್ರೆಯಲ್ಲಿ ಈಗ ಸೂಲಗಿತ್ತಿ ನರ್ಸ್. ಇಂದಿಗೂ ಅಲ್ಲಿ ಮೋಟಾರ್‌ಸೈಕಲ್ಲೇ.

“ಈ ಹೆಸರಿನ ಮೇಲೆ ಅವನ ಮುಖ ಹಚ್ಚು ಅಂತೀಯಾ?” ಎಂದು ಕೇಳಿದರು. “ಆ ರಸ್ತೆಯ ದುಡ್ಡು ತಿಂದವನೇ ಅವನು.”

“ಲಂಚ ಕೊಡದೆ ಬಿಡಿಸಿಕೊಳ್ಳಲು ನನಗೆ ಗೊತ್ತಿರುವುದು ಇದೊಂದೇ, ಅಮ್ಮ.”

“ಮುಖವೂ ಲಂಚವೇ ಮಗಳೇ. ನೀನು ಓದಿದವಳು, ನಿನಗೆ ಗೊತ್ತಿರಬೇಕು.”

ಗೊತ್ತಿತ್ತು. ಪಂಚಾಯಿತಿ ಲೆಕ್ಕದ ಬಗ್ಗೆ ನಾನು ಬರೆದ ಪ್ರಬಂಧದಲ್ಲಿ ಹೆಚ್ಚುಕಡಿಮೆ ಇದೇ ವಾಕ್ಯವಿದೆ, ಇದಕ್ಕಿಂತ ಉದ್ದವಾಗಿ.  ಸಂಘದವರಲ್ಲಿ ಜಗಳ ಎದ್ದಿತು. ಲಂಚ ಕೊಟ್ಟುಬಿಡೋಣ ಎಂದವರು, ಕೋರ್ಟಿಗೆ ಹೋಗೋಣ ಎಂದವರು, ಮೀನಿಗಾದರೂ ಉಪಯೋಗವಾಗಲಿ ಎಂದು ಸಿಟ್ಟಿನಿಂದ ಎದ್ದು ನಿಂತವರು. ಆ ಗದ್ದಲದಲ್ಲಿ ಗ್ರೇಸ್ ಫೋನ್ ಮಾಡಿದಳು. ವಿಷಯ ಕೇಳಿ ಒಂದೇ ಮಾತು ಹೇಳಿದಳು: “ಅಮ್ಮ, ಗಾಡಿ ಯಾರ ಮುಖದ್ದಾದರೂ ಆಗಲಿ. ಇವತ್ತು ಬೆಳಿಗ್ಗೆಯೂ ಒಬ್ಬಳನ್ನು ಬೈಕ್ ಮೇಲೆ ಕಟ್ಟಿ ಕಳಿಸಿದ್ದೀನಿ.”

ಎಸ್ತರ್ ಅಮ್ಮ ಫೋಟೊವನ್ನು ಮೇಜಿನ ಮೇಲೆ ಮಗುಚಿಟ್ಟರು. ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು ನನ್ನನ್ನೇ ಕೇಳಿದರು:

“ಆಂಬುಲೆನ್ಸಿನ ಒಳಗೆ ಯಾರದಾದರೂ ಮುಖ ಇರಬೇಕಾ?”

“ಇಲ್ಲ ಅಮ್ಮ. ಒಳಗೆ ಯಾವ ನಾಯಕನೂ ಜಾಗ ಕೇಳುವುದಿಲ್ಲ. ರಸ್ತೆಯಿಂದ ಕಾಣಿಸುವುದಿಲ್ಲವಲ್ಲ.”

“ಹಾಗಾದರೆ ಒಳಗಿನ ಛಾವಣಿಗೆ ನನ್ನ ಮಗಳ ಹೆಸರು. ಮಲಗಿದವರಿಗೆ ಮಾತ್ರ ಕಾಣಬೇಕು. ಅವನು ಅಲ್ಲಿ ಎಂದೂ ಮಲಗುವವನಲ್ಲ. ನೆಗಡಿಯಾದರೂ ಲಂಡನ್ನಿಗೆ ವಿಮಾನ ಹತ್ತುತ್ತಾನೆ.”

ಜಾನ್ಸ್ ಕ್ರೀಕ್

ಅಟ್ಲಾಂಟಾದಲ್ಲಿ ಇಳಿದ ಕೂಡಲೇ ನನಗೆ ತವರಿಗೆ ಬಂದಂತಾಯಿತು. ಹೆದ್ದಾರಿಯ ಎರಡೂ ಕಡೆ ದೊಡ್ಡ ದೊಡ್ಡ ಬೋರ್ಡುಗಳಲ್ಲಿ ಮುಖಗಳು, ಬಸ್ಸಿನ ಹಿಂದೆಯೂ ಮುಖ. ಯಾವ ಪಕ್ಷದವರು ಎಂದು ಕೇಳಿದೆ. ವಕೀಲರಂತೆ. ನಿಮಗೆ ಅಪಘಾತವಾದರೆ ನಿಮ್ಮ ಪರವಾಗಿ ಕೇಸು ಹಾಕುತ್ತಾರಂತೆ. ಅಪಘಾತವಾಗಲಿ ಎಂದು ಬಾಯಿಬಿಟ್ಟು ಹಾರೈಸಿರಲಿಲ್ಲ, ಅಷ್ಟೇ.

ಇಲ್ಲಿ ನಾನು ಇಳಿದುಕೊಂಡದ್ದು ಅಟ್ಲಾಂಟಾದ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ, ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ರೇಣುಕಾ ಮನೆಯಲ್ಲಿ. ಬಾಗಲಕೋಟೆಯವಳು. ಗಂಡ ಮೂಳೆ ಡಾಕ್ಟರು. ನಾನು ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಂತ್ರಿಯ ಫೋಟೊದ ಹಿನ್ನೆಲೆ ಕತ್ತರಿಸುತ್ತಿರುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಏನವಾ ಗೌರಿ, ಓದು ಬರಹ ಕಲ್ತು ಅಮೆರಿಕಾಕ್ಕ ಬಂದು ಮತ್ತ ಫ್ಲೆಕ್ಸ್ ಮಾಡಾಕತ್ತೀಯಲ್ಲ! ನಿಮ್ಮ ಫ್ಲೆಕ್ಸ್ ಅಂಗಡಿ ಮಾಲಕ ಕೇಳಿದ್ರ ಖುಷಿ ಪಡ್ತಾನ.”

“ನಗಬ್ಯಾಡ. ಇವನ ಕೆನ್ನಿ ಸ್ವಲ್ಪ ಬೆಳ್ಳಗ ಮಾಡ್ಲೇನು?”

“ಬ್ಯಾಡಬೇ, ಅಲ್ಲಿ ಮಂದಿ ಸಿಟ್ಟಾಗ್ತಾರ. ಅದು ನಮ್ಮವರ ರೋಗ.”

ಅಲ್ಲೇ ಹುಟ್ಟಿದ ಅವಳ ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಆಂಟಿ, ಈ ಅಂಕಲ್ ಯಾಕೆ ಸೋ ಬಿಗ್? ಆಂಬುಲೆನ್ಸ್ ಎಲ್ಲಿ ಇದೆ?”

“ಅಂಕಲ್ ಹಿಂದೆ ಇದೆ ಪುಟ್ಟಿ.”

ನಗಬೇಡಿ, ಫ್ರಿಜ್ಜಿನ ಮೇಲೆ ಅಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮದ ಕರಪತ್ರ ಅಂಟಿಸಿತ್ತು. ಅರ್ಧ ಭಾಗ ಒಬ್ಬ ಮನೆ ಮಾರುವ ಏಜೆಂಟನ ಮುಖ. ಬೇವು ಬೆಲ್ಲ ಮೂಲೆಯಲ್ಲಿತ್ತು.

ನಾನು ಮಾಡಿದ ಡಿಸೈನ್ ನನಗೇ ಮೆಚ್ಚುಗೆಯಾಯಿತು. ಬಲಗಡೆ ಮಂತ್ರಿ, ಹಿಂದೆ ಉದಯಿಸುವ ಸೂರ್ಯ, ಕೆಳಗೆ ಅಂಚಿನುದ್ದಕ್ಕೂ ಸ್ಥಳೀಯ ಮುಖಂಡರು ಸಣ್ಣ ಸಣ್ಣ ವೃತ್ತಗಳಲ್ಲಿ. ‘ಮಾನ್ಯ ಮಂತ್ರಿಗಳ ಅವಿರತ ಶ್ರಮದಿಂದ’ ಎಂಬ ಅರ್ಥದ ಸಾಲು. ಇಮ್ಯಾನುಯೆಲ್ ಅದನ್ನು ಮಂತ್ರಿಯ ಪಿ.ಎ.ಗೆ ಕಳಿಸಿ, ಉದ್ಘಾಟನೆಗೆ ದಿನ ಕೊಡಬೇಕೆಂದು ಬರೆದ. ಬಂದರಿನ ಅಧಿಕಾರಿಗಳಿಂದ ತಿಂಗಳುಗಟ್ಟಲೆ ಬಾರದ ಉತ್ತರ ಪಿ.ಎ.ಯಿಂದ ಮಧ್ಯಾಹ್ನಕ್ಕೇ ಬಂತು. ಆತ ಫೋನಿನಲ್ಲಿ ಕಿರುಚುತ್ತಿದ್ದುದು ನನಗೂ ಕೇಳಿಸುವಂತೆ ಇಮ್ಯಾನುಯೆಲ್ ನನ್ನನ್ನೂ ಸೇರಿಸಿದ್ದ.

“ರಾಷ್ಟ್ರಾಧ್ಯಕ್ಷರು ಎಲ್ಲಿ? ಅಧ್ಯಕ್ಷರಿಲ್ಲದೆ ಮಂತ್ರಿ ಒಬ್ಬರೇ ನಿಂತಿದ್ದಾರೆ! ನಮ್ಮ ಸಾಹೇಬರ ಕುರ್ಚಿ ಕಿತ್ತುಹಾಕಿಸಬೇಕು ಅಂತಿದ್ದೀರಾ? ಈ ಡಿಸೈನ್ ಮಾಡಿದ ಪ್ರಾಣಿ ಯಾರು?”

ನಾನು ತಲೆ ಮೇಲೆ ಕೈ ಹೊತ್ತೆ. ಮೇಲಿನ ನಾಯಕರನ್ನು ಬಿಟ್ಟು ಫ್ಲೆಕ್ಸ್ ಮಾಡುವುದು ಕಸುಬಿಗೆ ಹೊಸದಾಗಿ ಸೇರಿದವರ ತಪ್ಪು. ನಮ್ಮೂರಿನಲ್ಲಾದರೆ ಹಾಕಿದ ಸಂಜೆಗೇ ಹರಿದಿರುತ್ತಿತ್ತು. ಎಂ.ಎ. ಆದ ಮೇಲೆ ಕೈ ಕೆಟ್ಟಿದೆ. ತಕ್ಷಣ ಅಧ್ಯಕ್ಷರನ್ನು ಮೇಲೆ ದೊಡ್ಡದಾಗಿ ಕೂರಿಸಿದೆ, ಮಂತ್ರಿಯನ್ನು ಅವರ ಎದೆಯ ಮಟ್ಟಕ್ಕೆ ಇಳಿಸಿದೆ, ಸೂರ್ಯನನ್ನು ಅಧ್ಯಕ್ಷರ ತಲೆಯ ಹಿಂದಕ್ಕೆ ಸರಿಸಿದೆ. ಇಮ್ಯಾನುಯೆಲ್ ಮತ್ತೆ ಕಳಿಸಿದ.

ಪಿ.ಎ. ಈ ಸಲ ಮೆತ್ತಗೆ ಮಾತಾಡಿದ. ತುಂಬಾ ಚೆನ್ನಾಗಿದೆ, ಒಂದೇ ಒಂದು ಸಣ್ಣ ಕೊರತೆ, ಅಂಚಿನಲ್ಲಿ ಒಂದು ವೃತ್ತ ಖಾಲಿ ಕಾಣುತ್ತಿದೆ ಎಂದು ಕೆಮ್ಮಿದ. ಖಾಲಿ ಇರಲಿಲ್ಲ. ಆದರೂ ನನಗೆ ಅರ್ಥವಾಯಿತು. ರಾಣೆಬೆನ್ನೂರಿನ ಪಿ.ಎ.ಗಳೂ ಹೀಗೆಯೇ ಕೆಮ್ಮುತ್ತಾರೆ. ಆತನ ಫೋಟೊ ತರಿಸಿ, ಕೋಟಿನ ಗುಂಡಿ ಸರಿಮಾಡಿ, ಬಲ ಮೂಲೆಯಲ್ಲಿ ಹಾಕಿದೆ.

ಹರಾಜಿಗೆ ಇನ್ನೂ ಕಾಲವಿರುವಾಗಲೇ ಗಾಡಿ ಬಂದರಿನಿಂದ ಹೊರಬಂತು. ಮಾಯವಾಗಿದ್ದ ಬ್ಯಾಟರಿಯೂ ತಾನಾಗಿ ವಾಪಸು ಬಂದು ಕೂತಿತ್ತು. ಡಿಸೈನನ್ನು ಆ ದೇಶದ ರಾಜಧಾನಿಯಲ್ಲೇ ಮುದ್ರಿಸಿ ಅಂಟಿಸಿದರು. ಅಲ್ಲಿನ ಮೆಷಿನ್ನೂ ಚೀನಾದ್ದೇ. ಅಲ್ಲಿಯೂ ಯಾರೋ ಒಬ್ಬರ ಅಪ್ಪನ ಕುಂಚ ಒಣಗಿರಬೇಕು.

ಉದ್ಘಾಟನೆಯ ವಿಡಿಯೊವನ್ನು ರೇಣುಕಾಳ ಸೋಫಾದ ಮೇಲೆ ಕೂತು ನೋಡಿದೆ. ರಾಲಿಯಲ್ಲಿ ಎಸ್ತರ್ ಅಮ್ಮ ನೋಡುತ್ತಿದ್ದರು, ಫೋನ್ ತೆರೆದೇ ಇತ್ತು. ಮಂತ್ರಿ ರಿಬ್ಬನ್ ಕತ್ತರಿಸಿ, ತಾವು ಖುದ್ದಾಗಿ ಅಮೆರಿಕ ಸರ್ಕಾರದ ಜೊತೆ ಮಾತಾಡಿ ಇದನ್ನು ತರಿಸಿದ್ದಾಗಿ ಹೇಳಿದರು.

“ಸರ್ಕಾರ ಅಂದರೆ ನೀನೇ ಇರಬೇಕು,” ಎಂದರು ಎಸ್ತರ್ ಅಮ್ಮ ನನಗೆ. ನಗು ಇರಲಿಲ್ಲ. “ಗಾಡಿ ಊರು ಮುಟ್ಟಿದ ಮೇಲೆ ನಗುತ್ತೇನೆ.”

ಆಕೆ ಹೇಳಿದ್ದು ಸರಿಯಾಗಿತ್ತು. ಗಾಡಿ ಊರು ಮುಟ್ಟಲಿಲ್ಲ. ಮಂತ್ರಿಯ ಕ್ಷೇತ್ರದ ಇನ್ನೊಂದು ಪೇಟೆಯಲ್ಲಿ ಮತ್ತೆ ಉದ್ಘಾಟನೆಯಾಯಿತು. ಆಮೇಲೆ ಮತ್ತೊಂದರಲ್ಲಿ. ಆಂಬುಲೆನ್ಸ್ ಎಲ್ಲಿ ಎಂದು ಗ್ರೇಸ್ ಕೇಳಿದಾಗಲೆಲ್ಲ ಉದ್ಘಾಟನೆಯಲ್ಲಿದೆ ಎಂದೇ ಉತ್ತರ. ನಾನು ವಿಮಾನ ಹತ್ತುವ ದಿನವೂ ಅದು ಬೇರೊಂದು ಊರಿನಲ್ಲಿ ಸೈರನ್ ಹಾಕಿಕೊಂಡು ಮಂತ್ರಿಯ ಮೆರವಣಿಗೆಯ ಮುಂದಿತ್ತು. ನಮ್ಮಲ್ಲಿ ಇಂಥದ್ದನ್ನು ಎಷ್ಟು ನೋಡಿಲ್ಲ ನಾನು! ಮುಖ ಹಾಕಿದರೆ ಗಾಡಿ ಹೊರಬರುತ್ತದೆ ಎಂದು ಹೇಳಿದವಳಿಗೆ, ಮುಖ ಇರುವ ಗಾಡಿ ಮುಖದ ಹಿಂದೆಯೇ ತಿರುಗುತ್ತದೆ ಎಂಬುದೂ ಹೊಳೆಯಬೇಕಿತ್ತು. ವಿಮಾನದಲ್ಲಿ ಕೊಟ್ಟ ಕೋಳಿಯನ್ನು ಮುಟ್ಟಲಿಲ್ಲ.

ರಾಣೆಬೆನ್ನೂರು

ಕೊನೆಗೆ ಅದನ್ನು ಊರಿಗೆ ಮುಟ್ಟಿಸಿದ್ದು ಪ್ರಾಮಾಣಿಕತೆಯೂ ಅಲ್ಲ, ನನ್ನ ಜಾಣತನವೂ ಅಲ್ಲ. ಡೀಸೆಲ್ ಮುಗಿಯಿತು. ಟ್ಯಾಂಕ್ ತುಂಬಿಸುವವರು ಯಾರು ಎಂಬ ಪ್ರಶ್ನೆ ಎದ್ದ ಕೂಡಲೇ, ಆಂಬುಲೆನ್ಸು ಜನರ ಸ್ವತ್ತು ಎಂಬುದು ಪಿ.ಎ.ಗೆ ನೆನಪಾಯಿತು. ಗ್ರೇಸ್ ಡಬ್ಬಿಯಲ್ಲಿ ಡೀಸೆಲ್ ಹೊತ್ತುಕೊಂಡು ಹೋಗಿ ಗಾಡಿ ತಂದಳು.

ಚುನಾವಣೆಯಲ್ಲಿ ಆ ಮಂತ್ರಿ ಸೋತರು. ಒಂದು ಭಾನುವಾರ ಇಮ್ಯಾನುಯೆಲ್ ಫೋನ್ ಮಾಡಿದ. ಸೋತವರ ಮುಖವಿದೆ ಎಂದು ಚೆಕ್‌ಪೋಸ್ಟಿನಲ್ಲಿ ಪೊಲೀಸರು ಗಾಡಿ ತಡೆಯುತ್ತಿದ್ದಾರಂತೆ.

“ಸ್ಟಿಕರ್ ಕಿತ್ತುಹಾಕಲು ಏನು ಹಚ್ಚಬೇಕು ಮೇಡಂ?”

“ಕೀಳಬೇಡಿ. ಹೊಸಬರನ್ನು ಅದರ ಮೇಲೆಯೇ ಅಂಟಿಸಿ. ಹಳಬರು ಮುಂದಿನ ಸಲ ಬಂದರೂ ಬಂದಾರು, ಆಗ ಮೇಲಿನದನ್ನು ಸುಲಿದರಾಯಿತು.”

“ಅಧ್ಯಕ್ಷರು?”

“ಅವರನ್ನು ಮುಟ್ಟಲೇಬೇಡಿ.”

ಹಾಗೆಯೇ ಮಾಡಿದರು. ಈಗ ಬಿಸಿಲಿಗೆ ಹೊಸ ಮಂತ್ರಿಯ ಒಂದು ತುದಿ ಸುರುಳಿ ಎದ್ದು, ಹಳೆಯ ಮಂತ್ರಿಯ ಕಿವಿ ಕಾಣುತ್ತಿದೆಯಂತೆ. ಪಿ.ಎ. ಮಾತ್ರ ಬಲ ಮೂಲೆಯಲ್ಲಿ ಹಾಗೆಯೇ ಇದ್ದಾನೆ, ಹೊಸ ಮಂತ್ರಿಗೂ ಅವನೇ ಪಿ.ಎ.

ಮೊನ್ನೆ ಗ್ರೇಸ್ ಕಳಿಸಿದಳೆಂದು ಎಸ್ತರ್ ಅಮ್ಮ ಒಂದು ಫೋಟೊ ನನಗೆ ಕಳಿಸಿದರು. ಆಂಬುಲೆನ್ಸಿನ ಒಳಗಿನ ಛಾವಣಿ. ಬಣ್ಣ ಸಿಗದೆ ಗ್ರೇಸ್ ತನ್ನ ಉಗುರಿನ ಕೆಂಪು ಬಣ್ಣದಲ್ಲೇ ‘ಮಾರ್ಥಾ’ ಎಂದು ಬರೆದಿದ್ದಾಳೆ. ಅಳತೆ ತಪ್ಪಿ ಕೊನೆಯ ಅಕ್ಷರ ಇಕ್ಕಟ್ಟಾಗಿದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಕೈಬರಹ ಐತಿ,” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಫೋಟೊ ಗ್ರೇಸ್ ತೆಗೆದದ್ದಲ್ಲವಂತೆ. ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ವಾಪಸು ಬರುತ್ತಿದ್ದವಳೊಬ್ಬಳು, ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಮಲಗಿದ್ದಲ್ಲಿಂದಲೇ ತೆಗೆದದ್ದು. ತೆಗೆದು, ಇದು ಯಾರ ಹೆಸರು ಎಂದು ಗ್ರೇಸ್‌ಳನ್ನು ಕೇಳಿದಳಂತೆ. ಹೊರಗಿನ ಮುಖಗಳು ಯಾರವು ಎಂದು ಅವಳು ಕೇಳಲೇ ಇಲ್ಲವಂತೆ.